ಉರಿಯುವ ಹಡಗಿಗೆ ಹಗ್ಗ ಕಟ್ಟುವವರು

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಅದರಾಚೆ ಕಣ್ಣೂರಿನ ಕಡಲು. 2025ರ ಜೂನ್ 9ರಂದು ಆ ಕಡಲಲ್ಲಿ, ಕೊಲಂಬೊದಿಂದ ಮುಂಬೈ ಕಡೆ ಹೊರಟಿದ್ದ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ನೌಕಾಪಡೆಯ ‘ಐಎನ್‌ಎಸ್ ಸೂರತ್’ ಮಂಗಳೂರಿಗೆ ತಲುಪಿಸಿತು. ನಾಲ್ವರು ಕಾಣೆಯಾದರು.

ಜನ ಇಳಿದ ಮೇಲೆ ಹಡಗಿನ ಪಾಡೇನು? ಸುಮಾರು 270 ಮೀಟರ್ ಉದ್ದದ ಹಡಗು, ಎಂಜಿನ್ ಓಡುತ್ತಿಲ್ಲ, ಒಡಲಲ್ಲಿ ಎಣ್ಣೆ. ಮುಂಗಾರಿನ ಪಡುಗಾಳಿಗೆ ಬಿಟ್ಟರೆ ನೇರ ದಡಕ್ಕೆ. ಅದನ್ನು ಆಳಕಡಲಿಗೆ ಎಳೆದೊಯ್ಯಲು ಟಗ್ ಬೇಕು, ಅಂದರೆ ಬೇರೆ ಹಡಗನ್ನು ಎಳೆಯುವ ಹಡಗು.

ಗಾತ್ರದಲ್ಲಿ ಟಗ್ ಚಿಕ್ಕದು, ಒಡಲೆಲ್ಲ ಎಂಜಿನ್. ಧಕ್ಕೆಯ ಕಂಬಕ್ಕೆ ಹಗ್ಗ ಬಿಗಿದು, ಎಂಜಿನ್ ಪೂರ್ತಿ ಓಡಿಸಿ, ಹಗ್ಗದ ಮೇಲೆ ಎಷ್ಟು ಟನ್ ಎಳೆತ ಬಿತ್ತೆಂದು ನೋಡಿ ಅದರ ತಾಕತ್ತು ಅಳೆಯುತ್ತಾರೆ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಬಿದ್ದ ‘ಎವರ್ ಗಿವನ್’ ಹಡಗನ್ನು ಬಿಡಿಸಲು ಬಂದ ‘ಎಎಲ್‌ಪಿ ಗಾರ್ಡ್’ ಟಗ್‌ನ ಎಳೆತ ಸುಮಾರು 280 ಟನ್. ಅದೊಂದೇ ಸಾಲದೆ ಸುಮಾರು 30,000 ಘನ ಮೀಟರ್ ಮರಳು ಬಗೆದು, ಹುಣ್ಣಿಮೆಯ ಭರತವೂ ಕೂಡಿಬರಬೇಕಾಯಿತು.

ನಿಜವಾದ ಕಷ್ಟ ಹಗ್ಗ ಕಟ್ಟುವುದರಲ್ಲಿದೆ. ಸಾಮಾನ್ಯವಾಗಿ ಟಗ್‌ನಿಂದ ತೆಳ್ಳಗಿನ ದಾರವೊಂದನ್ನು ಹಾರಿಸುತ್ತಾರೆ. ಹಡಗಿನವರು ಅದನ್ನೆಳೆದರೆ ಬೆನ್ನಿಗೇ ದಪ್ಪ ಹಗ್ಗ, ಕೊನೆಗೆ ಎಳೆಯುವ ಹಗ್ಗ. ಆದರೆ ‘ವಾನ್ ಹೈ’ಯಲ್ಲಿ ದಾರ ಹಿಡಿಯುವ ಕೈಯೇ ಇರಲಿಲ್ಲ. ಕರಾವಳಿ ರಕ್ಷಣಾ ಪಡೆಯ ಹೆಲಿಕಾಪ್ಟರ್‌ನಿಂದ ಆಳನ್ನು ಉರಿಯುವ ಹಡಗಿನ ಮುಂಭಾಗಕ್ಕೆ ಇಳಿಸಿ ಹಗ್ಗ ಸಿಕ್ಕಿಸಬೇಕಾಯಿತು. ಅಷ್ಟು ಧೈರ್ಯದ ಕೆಲಸಕ್ಕೆ ಸುದ್ದಿಯಲ್ಲಿ ಸಿಕ್ಕಿದ್ದು ಒಂದೆರಡು ಸಾಲು.

ಕಟ್ಟಿದ ಮೇಲೆ ಒಮ್ಮೆಲೇ ಜಗ್ಗುವಂತಿಲ್ಲ. ಆಟಿ ತಿಂಗಳ ಕೆಸರಲ್ಲಿ ಹೂತ ಪಿಕಪ್‌ಅನ್ನು ಜೀಪಿನಿಂದ ಎಳೆದ ತೋಟದವರಿಗೆ ಗೊತ್ತು: ಸಡಿಲ ಹಗ್ಗಕ್ಕೆ ಜರ್ಕ್ ಕೊಟ್ಟರೆ ಅದು ತುಂಡಾಗುತ್ತದೆ. ಕಡಲಲ್ಲಾದರೆ ಪ್ರತಿ ಅಲೆಯೂ ಒಂದೊಂದು ಜರ್ಕ್. ಅದಕ್ಕೇ ನೂರಾರು ಮೀಟರ್ ಉಕ್ಕಿನ ಹಗ್ಗ ಬಿಡುತ್ತಾರೆ. ತನ್ನ ಭಾರಕ್ಕೇ ಅದು ನೀರಲ್ಲಿ ಜೋತುಬೀಳುತ್ತದೆ. ಅಲೆ ಜಗ್ಗಿದಾಗ ಜೋತ ಭಾಗ ಮೇಲೆದ್ದು ಹೊಡೆತ ನುಂಗಿ, ಮತ್ತೆ ಇಳಿಯುತ್ತದೆ. ಬಿಗಿದ ಹಗ್ಗ ಕಡಿದರೆ ತುದಿ ಚಾವಟಿಯಂತೆ ತಿರುಗಿ ಬಡಿದು ಆಳನ್ನೇ ಕೊಲ್ಲಬಲ್ಲದು. ಅದಕ್ಕೇ ಎಳೆಯುವಾಗ ಹಿಂದಿನ ಡೆಕ್‌ನಲ್ಲಿ ಯಾರನ್ನೂ ನಿಲ್ಲಗೊಡುವುದಿಲ್ಲ.

ಇಷ್ಟೆಲ್ಲ ಮಾಡಿದವರಿಗೆ ಸಂಬಳ? ಹಡಗು ಉಳಿದರೆ ಹಣ, ಮುಳುಗಿದರೆ ಕೈ ಖಾಲಿ ಎಂಬುದೇ ಹಳೆಯ ಕರಾರು. ಎಣ್ಣೆ ತುಂಬಿದ, ಉಳಿಯುವ ಭರವಸೆಯಿಲ್ಲದ ಹಡಗಿಗೆ ಹೀಗಾದರೆ ಯಾರು ಕೈ ಹಾಕುತ್ತಾರೆ? 1989ರ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ತಿದ್ದಿತು: ಪರಿಸರಕ್ಕೆ ಅಪಾಯ ಒಡ್ಡುವ ಹಡಗಾದರೆ, ಅದು ಮುಳುಗಿದರೂ ದುಡಿದವರ ಖರ್ಚು ಕೊಡಬೇಕು.