ಅಗ್ಗದ ಉಕ್ಕಿನ ಶ್ರೇಯಸ್ಸು ಬೆಸೆಮರ್‌ಗೋ, ಮಷೆಟ್‌ಗೋ?

ಪ್ರಶ್ನೆ: ಉಕ್ಕನ್ನು ಅಗ್ಗವಾಗಿ ಮಾಡುವ ವಿಧಾನ ಹೆನ್ರಿ ಬೆಸೆಮರ್ ಅವರದು ಅಂತ ಶಾಲೆಯಲ್ಲಿ ಓದಿದ್ದೇವೆ. ರಾಬರ್ಟ್ ಮಷೆಟ್ ಅನ್ನುವವರು ಇಲ್ಲದಿದ್ದರೆ ಅದು ಕೆಲಸಕ್ಕೇ ಬರುತ್ತಿರಲಿಲ್ಲ ಅಂತಲೂ ಕೆಲವರು ಹೇಳುತ್ತಾರೆ. ಯಾವುದು ನಿಜ?

ಉತ್ತರ: ಎರಡೂ ನಿಜ. ಕರಗಿದ ಕಬ್ಬಿಣದೊಳಗೆ ಗಾಳಿ ಊದುವ ಯೋಚನೆ, ಅದಕ್ಕೆ ಬೇಕಾದ ಯಂತ್ರ ಬೆಸೆಮರ್ ಅವರದು. ಹಾಗೆ ಬಂದ ಲೋಹ ಬಡಿದರೆ ಬಿರುಕು ಬಿಡದಂತೆ ಮಾಡಿದ ಉಪಾಯ ಮಷೆಟ್ ಅವರದು. ಹೆಸರು, ದುಡ್ಡು ಮಾತ್ರ ಒಂದೇ ಕಡೆಗೆ ಹೋಯಿತು.

ಮಷೆಟ್ ಹುಟ್ಟಿದ್ದು 1811ರಲ್ಲಿ, ಇಂಗ್ಲೆಂಡಿನ ಡೀನ್ ಕಾಡಿನ ಕೋಲ್‌ಫರ್ಡ್ ಎಂಬ ಊರಲ್ಲಿ. ಅಪ್ಪ ಡೇವಿಡ್ ಮಷೆಟ್ ಕೂಡ ಕಬ್ಬಿಣದ ಕೆಲಸದಲ್ಲಿ ದೊಡ್ಡ ಹೆಸರು. ಹತ್ತಿರದ ಡಾರ್ಕ್‌ಹಿಲ್‌ನಲ್ಲಿ ಅವರದೇ ಕಾರ್ಖಾನೆ ಇತ್ತು. ಮಗ ಕಲಿತದ್ದೆಲ್ಲ ಆ ಕುಲುಮೆಗಳ ಪಕ್ಕದಲ್ಲೇ. 1848ರಲ್ಲಿ ಅವರ ಕೈಗೆ ಪ್ರಷ್ಯಾದಿಂದ ಬಂದ, ಹೊಳೆಯುವ ಬಿಳಿ ಲೋಹದ ಗಟ್ಟಿಯೊಂದು ಸಿಕ್ಕಿತು. ಅದರ ಹೆಸರು ಸ್ಪೀಗೆಲೈಸನ್. ಕಬ್ಬಿಣ, ಇಂಗಾಲ, ಮ್ಯಾಂಗನೀಸ್ ಸೇರಿದ ಲೋಹ. ನಮ್ಮ ಸಂಡೂರಿನಲ್ಲಿ ಅಗೆಯುತ್ತಾರಲ್ಲ, ಅದೇ ಮ್ಯಾಂಗನೀಸ್. ಕುಲುಮೆಯಲ್ಲಿ ಸುಟ್ಟು ಕೆಟ್ಟ ಕಬ್ಬಿಣಕ್ಕೆ ಇದನ್ನು ಬೆರೆಸಿದರೆ ಮತ್ತೆ ಗುಣ ಬರುತ್ತದೆ ಅಂತ ಮಷೆಟ್ ಕಂಡುಕೊಂಡರು.

1856ರ ಆಗಸ್ಟ್‌ನಲ್ಲಿ ಬೆಸೆಮರ್ ಚೆಲ್ಟ್‌ನಮ್‌ನಲ್ಲಿ ತಮ್ಮ ಪ್ರಬಂಧ ಓದಿದರು. ಕರಗಿದ ಬೀಡು ಕಬ್ಬಿಣದೊಳಗೆ ಗಾಳಿ ಊದಿದರೆ ಸಾಕು, ಇಂಗಾಲ ಉರಿದು ಹೋಗುತ್ತದೆ, ಬೇರೆ ಉರುವಲೇ ಬೇಡ! ಕಾರ್ಖಾನೆಯವರು ಮುಗಿಬಿದ್ದು ಪರವಾನಗಿ ಕೊಂಡರು. ಮಾಡಿ ನೋಡಿದರೆ ಬಂದದ್ದು ಕೆಲಸಕ್ಕೆ ಬಾರದ ಲೋಹ. ಬೆಸೆಮರ್ ಪ್ರಯೋಗಕ್ಕೆ ಬಳಸಿದ್ದ ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಕಡಿಮೆ ಇತ್ತು, ಕೊಂಡವರ ಕಬ್ಬಿಣದಲ್ಲಿ ಜಾಸ್ತಿ. ಅದು ಒಂದು ತೊಂದರೆ. ಇನ್ನೊಂದು, ಊದಿದ ಗಾಳಿಯ ಆಮ್ಲಜನಕ ಕರಗಿದ ಲೋಹದಲ್ಲೇ ಉಳಿದುಬಿಡುತ್ತಿತ್ತು. ಅಂಥ ಗಟ್ಟಿಯನ್ನು ಕೆಂಪಗೆ ಕಾಯಿಸಿ ಉರುಳೆಗೆ ಕೊಟ್ಟರೆ ಅಂಚಿನಿಂದಲೇ ಸೀಳುತ್ತಿತ್ತು.

ವೇಲ್ಸ್‌ನ ಎಬ್ಬು ವೇಲ್ ಕಬ್ಬಿಣದ ಕಂಪನಿಯ ಥಾಮಸ್ ಬ್ರೌನ್ ಈ ಲೋಹದ ಒಂದು ತುಂಡನ್ನು ಮಷೆಟ್‌ಗೆ ತಂದು ತೋರಿಸಿದರು. ಮಷೆಟ್‌ಗೆ ರೋಗ ಗೊತ್ತಾಯಿತು, ಮದ್ದು ಮೊದಲೇ ಕೈಯಲ್ಲಿತ್ತು. ಊದಿದ ಲೋಹವನ್ನು ಮೂಸೆಗಳಲ್ಲಿ, ಅಂದರೆ ಲೋಹ ಕರಗಿಸುವ ಮಡಕೆಗಳಲ್ಲಿ, ಕರಗಿಸಿ, ಕರಗಿದ ಸ್ಪೀಗೆಲೈಸನ್ ಬೆರೆಸಿದರು. ಮ್ಯಾಂಗನೀಸ್ ಆಮ್ಲಜನಕವನ್ನು ಎಳೆದುಕೊಂಡು ಕಿಟ್ಟಕ್ಕೆ (ಮೇಲೆ ತೇಲುವ ಕಸಕ್ಕೆ) ಸೇರುತ್ತದೆ, ಗಂಧಕದ ಕಾಟವನ್ನೂ ತಗ್ಗಿಸುತ್ತದೆ. ಅದರ ಜೊತೆಗೆ ಬೇಕಾದಷ್ಟು ಇಂಗಾಲವೂ ಒಳಗೆ ಹೋಗುತ್ತದೆ. ಇದು ಸಣ್ಣ ಲಾಭವಲ್ಲ. ಊದುತ್ತಾ ಊದುತ್ತಾ ಸರಿಯಾದ ಹದದಲ್ಲಿ ನಿಲ್ಲಿಸುವುದು ಬಹಳ ಕಷ್ಟ. ಉಪ್ಪು ಜಾಸ್ತಿಯಾದ ಸಾರನ್ನು ಸರಿಮಾಡುವುದಕ್ಕಿಂತ ಸಪ್ಪೆ ಸಾರಿಗೆ ಅಳೆದು ಉಪ್ಪು ಹಾಕೋದು ಸುಲಭ ಅಲ್ವಾ? ಹಾಗೆಯೇ ಇಂಗಾಲವನ್ನು ಪೂರ್ತಿ ಸುಟ್ಟು, ಆಮೇಲೆ ಅಳೆದು ಹಾಕುವುದು. ರಂಜಕಕ್ಕೆ ಮಾತ್ರ ಇದು ಮದ್ದಲ್ಲ. ಅದಕ್ಕೆ 1870ರ ದಶಕದ ಕೊನೆಯಲ್ಲಿ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಎಂಬ ಇನ್ನೊಬ್ಬ ಸಂಶೋಧಕ ಬರಬೇಕಾಯಿತು.

ಈ ಉಕ್ಕಿನಿಂದ ಎಬ್ಬು ವೇಲ್‌ನಲ್ಲಿ ಒಂದು ಹಳಿ ತಯಾರಾಯಿತು. 1857ರ ಶುರುವಿನಲ್ಲಿ ಅದನ್ನು ಡಾರ್ಬಿ ಸ್ಟೇಷನ್‌ನಲ್ಲಿ ಹಾಕಿದರು. ರೈಲು ಓಡಾಟ ಎಷ್ಟು ಜಾಸ್ತಿ ಇತ್ತೆಂದರೆ, ಆ ಜಾಗದ ಕಬ್ಬಿಣದ ಹಳಿಯನ್ನು ಆರು ತಿಂಗಳಿಗೊಮ್ಮೆ, ಕೆಲವು ಸಲ ಮೂರೇ ತಿಂಗಳಿಗೆ ಬದಲಿಸಬೇಕಿತ್ತು. ಮಷೆಟ್ ಹಳಿ 1873ರವರೆಗೆ, ಅಂದರೆ 16 ವರ್ಷ, ಅಲ್ಲೇ ಇತ್ತು.

ಇಷ್ಟಾದರೂ ದುಡ್ಡು ಬರಲಿಲ್ಲ. ಪೇಟೆಂಟ್ ಟ್ರಸ್ಟಿಗಳ ಕೈಯಲ್ಲಿತ್ತು. 1859ರಲ್ಲಿ 50 ಪೌಂಡ್ ಸ್ಟ್ಯಾಂಪ್ ಶುಲ್ಕ ಕಟ್ಟಬೇಕಿತ್ತು, ಕಟ್ಟಲಿಲ್ಲ. ಪೇಟೆಂಟ್ ಬಿದ್ದುಹೋಯಿತು. ಅಲ್ಲಿಂದ ಮುಂದೆ ಮ್ಯಾಂಗನೀಸ್ ಉಪಾಯ ಯಾರು ಬೇಕಾದರೂ ಬಳಸಬಹುದಾದ ಪುಕ್ಕಟೆ ಮಾಲು.

ಬೆಸೆಮರ್ ಕಡೆಯ ವಾದವನ್ನೂ ಹೇಳಬೇಕು. ಮ್ಯಾಂಗನೀಸ್ ಬಳಕೆ ಹೊಸದೇನಲ್ಲ, ಜೋಸಯಾ ಹೀತ್ 1839ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು ಎಂಬುದು ಆ ವಾದ. ಮಾತು ಸುಳ್ಳಲ್ಲ. (ಈ ಹೀತ್ ತಮಿಳುನಾಡಿನ ಪೋರ್ಟೊ ನೋವೊದಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿದ್ದವರು. ಅವರ ಪೇಟೆಂಟ್ ಕೂಡ ಕೋರ್ಟು ಕಚೇರಿಯಲ್ಲೇ ಸವೆದುಹೋಯಿತು.) ಆದರೆ ಹೀತ್ ಮಾಡಿದ್ದು ಮೂಸೆಯ ಉಕ್ಕಿಗೆ. ಗಾಳಿ ಊದಿದ ಲೋಹಕ್ಕೆ ಇದೇ ಬೇಕು ಅಂತ ಹೇಳಿ, ಮಾಡಿ ತೋರಿಸಿದವರು ಮಷೆಟ್. ನನ್ನ ಲೆಕ್ಕದಲ್ಲಿ ಅರ್ಧ ಶ್ರೇಯಸ್ಸು ಅವರಿಗೆ ಸಲ್ಲಬೇಕು.

1866ರಲ್ಲಿ ಮಷೆಟ್ ಕೈ ಬರಿದಾಗಿತ್ತು, ಆರೋಗ್ಯವೂ ಸರಿ ಇರಲಿಲ್ಲ. ಆಗ 16 ವರ್ಷದ ಮಗಳು ಮೇರಿ ಲಂಡನ್‌ಗೆ ಹೋಗಿ ನೇರವಾಗಿ ಬೆಸೆಮರ್ ಅವರನ್ನೇ ಕಂಡಳು. ನಿಮ್ಮ ಗೆಲುವು ನಿಂತಿರುವುದು ನಮ್ಮಪ್ಪನ ಕೆಲಸದ ಮೇಲೆ ಅಂತ ವಾದ ಹೂಡಿದಳು. ಬೆಸೆಮರ್ ವರ್ಷಕ್ಕೆ 300 ಪೌಂಡ್ ಕೊಡುವುದಕ್ಕೆ ಒಪ್ಪಿದರು, 20 ವರ್ಷಕ್ಕೂ ಮೇಲೆ ಕೊಟ್ಟರು. ಅವರ ಸ್ವಂತ ಗಳಿಕೆ ಹತ್ತು ಲಕ್ಷ ಪೌಂಡ್ ದಾಟಿತ್ತು ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

ಮಷೆಟ್ ಅಲ್ಲಿಗೇ ಮುಗಿಯಲಿಲ್ಲ. 1868ರಲ್ಲಿ ಟಂಗ್‌ಸ್ಟನ್ ಬೆರೆಸಿದ ಹೊಸ ಉಕ್ಕು ಮಾಡಿದರು. ಮಾಮೂಲಿ ಉಳಿಯನ್ನು ಕಾಯಿಸಿ ನೀರಿಗೆ ಅದ್ದಿದರೆ ಮಾತ್ರ ಗಡಸಾಗುತ್ತದೆ. ಇದು ಗಾಳಿಯಲ್ಲಿ ಸುಮ್ನೆ ಆರಿದರೂ ಗಡಸು. ಲೇತ್‌ನಲ್ಲಿ ಬಿಸಿಯಾದರೂ ಬೇಗ ಮೊಂಡಾಗುತ್ತಿರಲಿಲ್ಲ, ಹಾಗಾಗಿ ಕೆಲಸ ಬೇಗ ಸಾಗುತ್ತಿತ್ತು. ಈ ಸಲ ಮಷೆಟ್ ಪಾಠ ಕಲಿತಿದ್ದರು. ಪಾಕವನ್ನು ಗುಟ್ಟಾಗಿಟ್ಟರು. ಉಕ್ಕು ಶೆಫೀಲ್ಡ್‌ನಲ್ಲಿ ತಯಾರಾದರೂ ಮಿಶ್ರಣದ ಗುಟ್ಟು ಮಾತ್ರ ಅವರ ಬಳಿಯೇ ಉಳಿಯಿತು. 1876ರಲ್ಲಿ ಕಬ್ಬಿಣ ಮತ್ತು ಉಕ್ಕು ಸಂಸ್ಥೆ ಅವರಿಗೆ ಚಿನ್ನದ ಪದಕ ಕೊಟ್ಟಿತು. ಪದಕದ ಹೆಸರು ಬೆಸೆಮರ್ ಪದಕ!

ಅವರು 1891ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಟೇಲರ್ ಮತ್ತು ವೈಟ್ ಇಂಥ ಉಕ್ಕನ್ನೇ ಇನ್ನೂ ಹೆಚ್ಚು ಕಾಯಿಸಿ ಹದ ಮಾಡುವ ಪ್ರಯೋಗ ನಡೆಸಿದರು. ಅದರಿಂದ ಬಂದದ್ದು ಹೈ ಸ್ಪೀಡ್ ಸ್ಟೀಲ್. ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರಿಲ್ ಬಿಟ್ ಮೇಲೆ ಎಚ್‌ಎಸ್‌ಎಸ್ ಅಂತ ಬರೆದಿರುತ್ತದಲ್ಲ, ಅದೇ.