ಹೂಮಳೆ ಬಿದ್ದ ಮೇಲೆ ಫೋನ್ ಮಾಡಿ

"ಮಾರ್ಚ್ ಎರಡನೇ ಶನಿವಾರ ಕಾಫಿ ಹೂ ಇರುತ್ತದೆಯೇ?" ನಮ್ಮ ತೋಟದ ಪುಟ್ಟ ಮನೆಯಲ್ಲಿ ಎರಡು ದಿನ ತಂಗಲು ಬಯಸುವ ದಂಪತಿಗಳು ಮೊದಲು ಕೇಳುವುದೇ ಇದನ್ನು. ಇರುತ್ತದೆ ಎಂದು ತಿಂಗಳ ಮುಂಚೆಯೇ ಮಾತು ಕೊಡುವವರನ್ನು ನಂಬಬೇಡಿ.

ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ತೋಟದಲ್ಲಿ ಬಹುಪಾಲು ರೊಬಸ್ಟಾ ಜಾತಿಯ ಕಾಫಿ. ಕೊಯ್ಲು ಮುಗಿದ ಗಿಡ ಬಿಸಿಲಿಗೆ ಬಾಡಿ, ಗೆಣ್ಣುಗೆಣ್ಣಿಗೂ ಮೊಗ್ಗು ಹೊತ್ತು ನೀರಿಗಾಗಿ ಕಾಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚು, ಬೆಳೆಗಾರರ ಲೆಕ್ಕದಲ್ಲಿ 100 ಸೆಂಟ್, ಮೊಗ್ಗು ಅರಳಿಸುವ ಹೂಮಳೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ಕೆರೆಯ ನೀರನ್ನೇ ಸ್ಪ್ರಿಂಕ್ಲರ್‌ನಲ್ಲಿ ಹಾಯಿಸುತ್ತೇವೆ. ಆಗ ರಾತ್ರಿಯೆಲ್ಲ ಪಂಪಿನ ಸದ್ದು ಕೇಳುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಲ್ಲಿಗೆಯನ್ನು ನೆನಪಿಸುವ ಆ ಪರಿಮಳ ಇರುವುದು ಮೂರ್ನಾಲ್ಕು ದಿನ ಮಾತ್ರ. ಆಮೇಲೆ ಹೂವು ಕಂದಿಹೋಗುತ್ತದೆ. ಆದ್ದರಿಂದ ತಾರೀಖು ಗೊತ್ತು ಮಾಡಿಕೊಂಡು ಫೋನ್ ಮಾಡಬೇಡಿ. ಮಳೆ ಬಿತ್ತೆಂಬ ಸುದ್ದಿ ತಿಳಿದ ದಿನ ಮಾಡಿ. ರಜೆ ಹಾಕಿ ಹೊರಡಲು ಒಂದು ವಾರ ಕೈಯಲ್ಲಿರುತ್ತದೆ. ಹೂ ಅರಳಿದ ದಿನ ಮತ್ತೆ ಮಳೆ ಬಂದರೆ ನಿಮಗೆ ಬೇಸರವಾಗಬಹುದು, ನಮಗೆ ವರ್ಷದ ಫಸಲಿಗೇ ಪೆಟ್ಟು ಬೀಳುತ್ತದೆ. ಅಂಥ ಬೆಳಿಗ್ಗೆ ನನ್ನ ಮುಖ ಸಪ್ಪಗಿದ್ದರೆ ಕ್ಷಮಿಸಿ.

ನನ್ನನ್ನು ಕೇಳಿದರೆ ಜನವರಿಯೂ ಅಷ್ಟೇ ಒಳ್ಳೆಯದು. ಬೆಳಿಗ್ಗೆ ಮಂಜು, ಹಗಲು ಹದವಾದ ಬಿಸಿಲು, ಕಣದ ತುಂಬ ಒಣಗಲು ಹರಡಿದ ಕಾಫಿ ಹಣ್ಣು, ನಮ್ಮ ಮಾತಿನಲ್ಲಿ ಚೆರಿ. ಹಿಂದಿನ ಕೊಯ್ಲಿನಲ್ಲಿ ಬಂದಿದ್ದ ಒಂದು ಜೋಡಿ ಎರಡು ದಿನ ಜಗುಲಿ ಬಿಟ್ಟು ಇಳಿದಿರಲಿಲ್ಲ. ಮೂರನೆಯ ದಿನ ಕಣಕ್ಕೆ ಬಂದರು. ಚೆರಿ ಕೆದಕುತ್ತಿದ್ದ ನಮ್ಮ ಕೆಲಸದಾಕೆ ಕಪ್ಪಗೆ ಒಣಗಿದ ಒಂದು ಮುಷ್ಟಿಯನ್ನು ಆ ಹುಡುಗಿಯ ಕೈಗೆ ಸುರಿದು, "ಕಿವಿ ಹತ್ತಿರ ಅಲ್ಲಾಡಿಸಿ ನೋಡಿ ಅಮ್ಮಾ" ಎಂದಳು. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ ಎಂದು ಲೆಕ್ಕ. ಆಕೆ ಅಲ್ಲಾಡಿಸಿ, ಗಂಡನ ಕಿವಿಗೂ ಹಿಡಿದಳು. ಸಂಜೆ ಇಬ್ಬರೂ ಹಣ್ಣನ್ನು ರಾಶಿ ಮಾಡಿ ಟಾರ್ಪಾಲು ಹೊದೆಸುವವರೆಗೆ ನಮ್ಮ ಜೊತೆಗೇ ನಿಂತರು.

ಒಂದು ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಇರುತ್ತೇನೆ. ಸಂಜೆ ಆರರ ಮೇಲೆ, ಬೆಳಿಗ್ಗೆ ಬಿಸಿಲು ಮೂಡುವ ಮುಂಚೆ ತೋಟದ ದಾರಿಯಲ್ಲಿ ನಡೆಯುವಂತಿಲ್ಲ. ಈ ಭಾಗದ ತೋಟಗಳಲ್ಲಿ ಆನೆ ಓಡಾಡುವುದು ನಿತ್ಯದ ಮಾತು. ಕಾಫಿ ಗಿಡಗಳ ಮರೆಯಲ್ಲಿ ನಿಂತ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ನಮ್ಮ ಕೆಲಸಗಾರರೂ ಹಿಂದಿನ ರಾತ್ರಿಯ ಸುದ್ದಿ ಕೇಳಿಕೊಂಡೇ ಒಳಗೆ ಹೋಗುತ್ತಾರೆ. ಹಲಸಿನ ವಾಸನೆಗೆ ಅವು ಬರುತ್ತವೆಂದು ಪುಟ್ಟ ಮನೆಯ ಸುತ್ತಲಿನ ಮರಗಳ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸುತ್ತೇವೆ. ಹತ್ತಿರದಿಂದ ಫೋಟೊ ತೆಗೆಯಬೇಕೆನ್ನುವವರಿಗೆ ನಮ್ಮಲ್ಲಿ ಜಾಗವಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಬರುವುದಾದರೆ ಇಂಬಳ (ಜಿಗಣೆ) ಕಚ್ಚುತ್ತದೆ, ಕರೆಂಟು ದಿನಗಟ್ಟಲೆ ಹೋಗುತ್ತದೆ, ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಇಬ್ಬರೇ ಕುಳಿತು ಮಳೆ ನೋಡಿದರೆ ಸಾಕು ಎನ್ನುವವರು ಆಗಲೇ ಬನ್ನಿ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಬಿಸಿಯಾಗಿ ಸಿಗುತ್ತದೆ, ಬಚ್ಚಲೊಲೆಗೆ ಬೆಳಿಗ್ಗೆ ಐದಕ್ಕೇ ಬೆಂಕಿ ಹಾಕಿರುತ್ತೇವೆ.