ಸ್ಕೀ ಬೂಟು ಬೆರಳಿಗೆ ತಾಗುತ್ತಿದೆ, ಒಂದು ಸೈಜು ದೊಡ್ಡದು ತೆಗೆದುಕೊಳ್ಳಲೇ?

ಪ್ರಶ್ನೆ: ಪಾದದ ಅಳತೆ ನೋಡಿಯೇ ಸ್ಕೀ ಬೂಟು ಆರಿಸಿದ್ದೇನೆ. ಆದರೂ ಎದ್ದು ನಿಂತರೆ ಹೆಬ್ಬೆರಳು ಮುಂದೆ ತಾಗುತ್ತದೆ, ಅರ್ಧ ಗಂಟೆಯಲ್ಲಿ ಪಾದ ನೋಯತೊಡಗುತ್ತದೆ. ದೊಡ್ಡ ಸೈಜಿಗೆ ಬದಲಾಯಿಸಲೇ? ಸ್ಕೀ ಎಷ್ಟು ಉದ್ದದ್ದು ಬೇಕು ಎಂಬುದನ್ನೂ ತಿಳಿಸಿ.

ಉತ್ತರ: ಸದ್ಯಕ್ಕೆ ಬದಲಾಯಿಸಬೇಡಿ. ಬೆರಳು ತಾಗುವುದಕ್ಕೂ ಪಾದ ನೋಯುವುದಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ. ಬೂಟು ನೋಯುತ್ತಿದೆ ಎನ್ನುವವರಲ್ಲಿ ಬಹಳ ಮಂದಿಯ ಕಾಲಲ್ಲಿ ಇರುವುದು ಚಿಕ್ಕ ಬೂಟಲ್ಲ, ದೊಡ್ಡ ಬೂಟು.

ಮೊದಲು ಬೆರಳಿನ ವಿಷಯ. ಸ್ಕೀ ಬೂಟಿನ ಮೇಲ್ಪಟ್ಟಿ ಮುಂದಕ್ಕೆ ವಾಲಿರುತ್ತದೆ. ಕಾಲು ನೆಟ್ಟಗೆ ಮಾಡಿ ನಿಂತಾಗ ಪಟ್ಟಿಯ ಹಿಂಭಾಗ ಮೀನಖಂಡವನ್ನು ಒತ್ತಿ ಇಡೀ ಪಾದವನ್ನು ಮುಂದಕ್ಕೆ ತಳ್ಳುತ್ತದೆ, ಬೆರಳು ತಾಗಲೇಬೇಕು. ಈಗ ಬಕಲ್ ಹಾಕಿ, ಮೊಣಕಾಲು ಬಗ್ಗಿಸಿ, ಕಣಕಾಲಿನಿಂದ ಬೂಟಿನ ನಾಲಿಗೆಯನ್ನು ಮುಂದಕ್ಕೆ ಒತ್ತಿ. ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಸಿಕೊಂಡರೆ, ಅಥವಾ ತೀರಾ ಹಗುರಾಗಿ ಸವರಿದಂತಾದರೆ, ಉದ್ದ ಸರಿಯಾಗಿದೆ. ಆಗಲೂ ಬೆರಳುಗಳು ಮಡಚಿಕೊಂಡೇ ಇದ್ದರೆ ಮಾತ್ರ ಬೂಟು ಗಿಡ್ಡ. ಒಂದು ಮುನ್ನೆಚ್ಚರಿಕೆ: ಕಾಲುಗುರು ಕತ್ತರಿಸಿದ ಮೇಲೆ ಈ ಪರೀಕ್ಷೆ ಮಾಡಿ.

ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ ಬೂಟಿನ ಹೊರಚಿಪ್ಪಿನದು. ಒಳಗಿನ ಮೆತ್ತನೆಯ ಲೈನರ್ ಅನ್ನು ಪೂರ್ತಿ ಹೊರಗೆಳೆಯಿರಿ. ಇನ್ಸೋಲ್, ಅಂದರೆ ಪಾದದಡಿಯ ತೆಳು ಹಾಸು, ಲೈನರ್‌ನೊಳಗೇ ಇದ್ದರೆ ಅದನ್ನು ತೆಗೆದು ಖಾಲಿ ಚಿಪ್ಪಿನ ತಳಕ್ಕೆ ಹಾಕಿದರೆ ಪಾದ ಸರಿಯಾದ ಎತ್ತರದಲ್ಲಿ ನಿಲ್ಲುತ್ತದೆ. ತೆಳುವಾದ ಕಾಲುಚೀಲ ಹಾಕಿಕೊಂಡು ಪಾದ ಇಳಿಸಿ, ಬೆರಳು ಮುಂದಿನ ಗೋಡೆಗೆ ತಾಗುವಷ್ಟು ಸರಿಸಿ, ಮೊಣಕಾಲು ತುಸು ಬಗ್ಗಿಸಿ. ಈಗ ಹಿಮ್ಮಡಿಯ ಹಿಂದೆ ಉಳಿದ ಜಾಗವನ್ನು ಟಾರ್ಚ್ ಹಾಕಿ ನೋಡಿ, ಇಲ್ಲವೇ ಬೆರಳು ತೂರಿಸಿ ಅಳೆಯಿರಿ. ಹೆಚ್ಚಿನವರಿಗೆ 1.5 ರಿಂದ 2 ಸೆಂ.ಮೀ. ಸರಿ. ಚುರುಕಾದ ಹಿಡಿತ ಬೇಕೆನ್ನುವ ಅನುಭವಿಗಳು 1 ರಿಂದ 1.5 ಸೆಂ.ಮೀ.ಗೆ ಇಳಿಯುತ್ತಾರೆ. ಎರಡು ಬೆರಳು ಒಂದರ ಪಕ್ಕ ಒಂದು ಸಲೀಸಾಗಿ ಇಳಿದು ಇನ್ನೂ ಜಾಗ ಉಳಿದರೆ ಆ ಬೂಟು ನಿಮ್ಮದಲ್ಲ, ಅಂಗಡಿಯಲ್ಲಿ ಎಷ್ಟೇ ಹಿತವಾಗಿ ಕಂಡರೂ ಸರಿಯೇ. ಹೊಸ ಲೈನರ್‌ನ ಫೋಮ್ ಕೆಲವೇ ದಿನಗಳ ಬಳಕೆಗೆ ಅಮರುತ್ತದೆ. ಇವತ್ತು ಸಡಿಲವಾಗಿ ಹಿತವೆನಿಸಿದ್ದು ಆಮೇಲೆ ಕಾಲಲ್ಲಿ ಅಲ್ಲಾಡತೊಡಗುತ್ತದೆ.

ಸೈಜಿನ ಸಂಖ್ಯೆಯಲ್ಲೂ ಒಂದು ಸೂಕ್ಷ್ಮವಿದೆ. ಸ್ಕೀ ಬೂಟಿಗೆ ಬಳಸುವುದು ಮಾಂಡೋಪಾಯಿಂಟ್, ಅಂದರೆ ಸೆಂಟಿಮೀಟರ್‌ನಲ್ಲಿ ಪಾದದ ಉದ್ದ. ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಭಾರ ಹಾಕಿ ನಿಂತು ಎರಡೂ ಪಾದ ಅಳೆಯಿರಿ. ಕೂತು ಅಳೆದರೆ ಕಡಿಮೆ ಬರುತ್ತದೆ. ಆದರೆ ಬಹುತೇಕ ತಯಾರಕರು 26 ಕ್ಕೂ 26.5 ಕ್ಕೂ ಒಂದೇ ಚಿಪ್ಪು ಬಳಸುತ್ತಾರೆ. ವ್ಯತ್ಯಾಸವೆಲ್ಲ ಇನ್ಸೋಲ್ ಅಥವಾ ಲೈನರ್‌ನ ದಪ್ಪದಲ್ಲಿ. ಅರ್ಧ ಸೈಜು ಹೆಚ್ಚಿಗೆ ಕೊಟ್ಟಿದ್ದೇವೆ ಎಂದು ಅಂಗಡಿಯವರು ಹೇಳಿದಾಗ ಹಿಮ್ಮಡಿಯ ಪಕ್ಕದಲ್ಲಿ ಮಿಲಿಮೀಟರ್‌ನಲ್ಲಿ ಅಚ್ಚಾಗಿರುವ ಅಟ್ಟೆಯ ಉದ್ದ ನೋಡಿ. ಒಂದೇ ಮಾದರಿಯ ಎರಡು ಸೈಜಿನಲ್ಲೂ ಅದು 305 ಎಂದೇ ಇದ್ದರೆ ಚಿಪ್ಪು ಬದಲಾಗಿಲ್ಲ.

ಹಾಗಾದರೆ ನೋವು ಏಕೆ? ಎಲ್ಲಿ ನೋಯುತ್ತದೆ ಎಂಬುದೇ ಉತ್ತರ ಹೇಳುತ್ತದೆ.

ಅಂಗಾಲು ಉರಿದು ಹಿಡಿದುಕೊಂಡರೆ ಸಾಮಾನ್ಯವಾಗಿ ಬೂಟು ಸಡಿಲ: ಹಿಮ್ಮಡಿ ನಿಲ್ಲದ್ದರಿಂದ ಬೆರಳುಗಳು ತಮಗೆ ತಿಳಿಯದಂತೆ ತಳವನ್ನು ಗಟ್ಟಿಯಾಗಿ ಹಿಡಿಯುತ್ತಿರುತ್ತವೆ. ಪಾದದ ಕಮಾನಿಗೆ ಆಸರೆ ಕೊಡದ, ಬೂಟಿನ ಜೊತೆಗೇ ಬರುವ ತೆಳು ಇನ್ಸೋಲ್ ಕೂಡ ಇದನ್ನೇ ಮಾಡುತ್ತದೆ. ಕಣಕಾಲಿನ ಮುಂಭಾಗ ಜಜ್ಜಿದಂತೆ ನೋಯುವುದೂ ಹೆಚ್ಚಾಗಿ ಸಡಿಲ ಬೂಟಿನದೇ ಕೆಲಸ. ಕಾಲಿಗೂ ನಾಲಿಗೆಗೂ ನಡುವೆ ಸಂದು ಇದ್ದು, ಪ್ರತಿ ಏರಿಳಿತಕ್ಕೂ ಮೂಳೆ ಹೋಗಿ ಬಡಿಯುತ್ತದೆ. ಪಾದದ ಮೇಲ್ಭಾಗ ಒತ್ತಿ ಬೆರಳು ಜೋಮು ಹಿಡಿದರೆ ಬೂಟಿನೊಳಗೆ ಪಾದದ ಮೇಲಿನ ಜಾಗ ಸಾಲದು, ಇಲ್ಲವೇ ಮಧ್ಯದ ಬಕಲ್ ತೀರಾ ಬಿಗಿ. ಕಿರುಬೆರಳಿನ ಬುಡ ಮತ್ತು ಹೆಬ್ಬೆರಳಿನ ಗಂಟು ಎರಡೂ ಒಟ್ಟಿಗೆ ಹಿಂಡಿದಂತಾದರೆ ಅಗಲ ಸಾಲದು. ಈ ಕೊನೆಯ ಎರಡು ತೊಂದರೆಗಳಿಗೇ ಜನ ಉದ್ದ ಹೆಚ್ಚಿಸಿ ಕೈ ಸುಟ್ಟುಕೊಳ್ಳುವುದು.

ಅಗಲಕ್ಕೆ ಬೇರೆಯದೇ ಅಂಕಿ ಇದೆ, ಲಾಸ್ಟ್ ಎನ್ನುತ್ತಾರೆ. ಪಾದದ ಮುಂಭಾಗದ ಅತಿ ಅಗಲದ ಕಡೆ ಚಿಪ್ಪಿನ ಒಳಅಳತೆ ಅದು. 97–98 ಮಿ.ಮೀ. ಕಿರಿದು, 100 ಮಧ್ಯಮ, 102 ರಿಂದ ಮೇಲೆ ಅಗಲ. ಈ ಅಂಕಿಯನ್ನು ಸಾಮಾನ್ಯವಾಗಿ 26.5 ಸೈಜಿಗೆ ಹೇಳಿರುತ್ತಾರೆ. ಅದೇ ಮಾದರಿಯ ಚಿಕ್ಕ ಬೂಟು ಇನ್ನೂ ಕಿರಿದು, ದೊಡ್ಡದು ಇನ್ನೂ ಅಗಲ. ಉದ್ದ ಸರಿಯಿದ್ದು ಒಂದೆರಡು ಕಡೆ ಮಾತ್ರ ಒತ್ತುತ್ತಿದ್ದರೆ ಬೂಟ್ ಫಿಟರ್ ಆ ಜಾಗದ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಕೆಲವು ಮಿಲಿಮೀಟರ್ ಹೊರಕ್ಕೆ ಉಬ್ಬಿಸುತ್ತಾರೆ, ಅಥವಾ ಒಳಗಿನಿಂದ ಉಜ್ಜಿ ತೆಳುವಾಗಿಸುತ್ತಾರೆ. ಲೈನರ್ ಬಿಸಿಗೆ ಹೊಂದುವ ಬಗೆಯದಾದರೆ ಮೊದಲು ಅದನ್ನು ಕಾಲಿಗೆ ಒಗ್ಗಿಸಿ ನೋಡುವುದು ಅಗ್ಗದ ದಾರಿ. ಬಿಗಿ ಚಿಪ್ಪನ್ನು ಹೀಗೆ ಹಿಗ್ಗಿಸಬಹುದು. ದೊಡ್ಡ ಚಿಪ್ಪನ್ನು ಕುಗ್ಗಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಎರಡು ಪಾದಗಳಲ್ಲಿ ತುಸು ವ್ಯತ್ಯಾಸವಿದ್ದಾಗ ಚಿಕ್ಕ ಪಾದಕ್ಕೆ ಸರಿಹೋಗುವುದನ್ನೇ ತೆಗೆದುಕೊಂಡು ಇನ್ನೊಂದನ್ನು ಹಿಗ್ಗಿಸಲು ಹೇಳುವುದೂ ಇದಕ್ಕೇ.

ಎಷ್ಟೋ ದೂರುಗಳು ಬಕಲ್ ಹಾಕುವ ಕ್ರಮದಲ್ಲೇ ಕರಗಿಹೋಗುತ್ತವೆ. ಪಾದ ಇಳಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಬಾರಿ ಕುಟ್ಟಿ ಹಿಂದಕ್ಕೆ ಕೂರಿಸಿ. ನಾಲ್ಕು ಬಕಲ್ ಇರುವ ಬೂಟಿನಲ್ಲಿ ಮೊದಲು ಮೇಲ್ಪಟ್ಟಿಯ ಎರಡನ್ನು ಹಾಕಿ, ಮೊಣಕಾಲು ಬಗ್ಗಿಸಿ ಒಮ್ಮೆ ಒತ್ತಿ, ಮತ್ತೆ ಬಿಗಿ ಮಾಡಿ. ಆಮೇಲೆ ಪಾದದ ಮೇಲಿನದು. ಬೆರಳಿನ ಹತ್ತಿರದ ಬಕಲ್ ಬರೀ ಕೊಂಡಿಗೆ ಸಿಕ್ಕಿದರೆ ಸಾಕು. ಅದನ್ನು ಎಳೆದು ಬಿಗಿದರೆ ರಕ್ತ ಓಡುವುದಿಲ್ಲ, ಕಾಲು ತಣ್ಣಗಾಗುತ್ತದೆ. ಬಕಲ್‌ನ ತೋಳನ್ನು ತಿರುಗಿಸಿದರೆ ಉದ್ದ ಒಂದೊಂದು ಸುತ್ತಿಗೂ ತುಸು ಬದಲಾಗುತ್ತದೆ, ಒಂದು ಹಲ್ಲು ಸಡಿಲ, ಇನ್ನೊಂದು ಬಿಗಿ ಎನ್ನುವಾಗ ಅದನ್ನು ಬಳಸಿ. ಕಾಲುಚೀಲ ಒಂದೇ, ತೆಳುವಾದದ್ದು, ಮೊಣಕಾಲಿನ ಹತ್ತಿರದವರೆಗೆ ಸುಕ್ಕಿಲ್ಲದೆ. ಚಳಿಗೆಂದು ಎರಡು ಜೊತೆ ಹಾಕುವುದು, ಪ್ಯಾಂಟಿನ ಒಳಪದರವನ್ನು ಬೂಟಿನೊಳಗೆ ತುರುಕುವುದು, ಎರಡೂ ನೋವಿಗೆ ಆಹ್ವಾನ.

ಅಂಗಡಿಯಲ್ಲಿ ಐದು ನಿಮಿಷಕ್ಕೆ ತೀರ್ಮಾನ ಬೇಡ. ಕನಿಷ್ಠ 20 ನಿಮಿಷ ಬಕಲ್ ಹಾಕಿ ನಿಂತು, ಬಗ್ಗಿ, ಮೊಣಕಾಲು ಎಡಬಲಕ್ಕೆ ವಾಲಿಸಿ ನೋಡಿ. ಮುಂದಕ್ಕೆ ಒತ್ತಿದಾಗ ಹಿಮ್ಮಡಿ ಮೇಲೇಳಬಾರದು. ಗಡಸುತನ ಹೇಳುವ ಫ್ಲೆಕ್ಸ್ ಸಂಖ್ಯೆಗೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಮಾನದಂಡವಿಲ್ಲ, ಒಬ್ಬರ 100 ಇನ್ನೊಬ್ಬರ 90 ಆಗಬಹುದು. ಸುಮಾರಾಗಿ ಹೊಸಬರಿಗೆ 60–80, ನಡುಹಂತದವರಿಗೆ 90–110, ಅದರ ಮೇಲಿನದು ಭಾರವಿದ್ದು ವೇಗವಾಗಿ ಇಳಿಯುವವರಿಗೆ. ಪ್ಲಾಸ್ಟಿಕ್ ಚಳಿಗೆ ಸೆಟೆಯುತ್ತದೆ. ಬೆಚ್ಚನೆಯ ಅಂಗಡಿಯಲ್ಲೇ ಬಗ್ಗದ ಬೂಟು ಹಿಮದ ಮೇಲೆ ಬಗ್ಗೀತೆಂದು ಆಸೆಪಡಬೇಡಿ. ಗಡಸು ಬೂಟು ಕೊಳ್ಳುವುದರಲ್ಲಿ ಪ್ರತಿಷ್ಠೆಯೇನೂ ಇಲ್ಲ. ಬಗ್ಗಿಸಲಾಗದವರು ಹಿಂದಕ್ಕೆ ಕೂತು ಇಳಿಯುತ್ತಾರೆ, ತೊಡೆ ಸೋಲುತ್ತದೆ.

ಇನ್ನು ಸ್ಕೀ. ಬೂಟಿಗೆ ಕೊಟ್ಟಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಸ್ಕೀ ನಿಲ್ಲಿಸಿದಾಗ ತುದಿ ಗದ್ದದಿಂದ ನೆತ್ತಿಯ ನಡುವೆ ಎಲ್ಲೋ ಬರಬೇಕು: ಹೊಸಬರಿಗೆ ಗದ್ದದ ಹತ್ತಿರ, ನಡುಹಂತಕ್ಕೆ ಮೂಗು–ಹಣೆ, ಪಳಗಿದವರಿಗೆ ನೆತ್ತಿ ಅಥವಾ ತುಸು ಮೇಲೆ. 170 ಸೆಂ.ಮೀ. ಎತ್ತರದ ಹೊಸಬರಿಗೆ 150 ರ ಆಸುಪಾಸು. ಸ್ಕೀಯನ್ನು ಬಗ್ಗಿಸುವುದು ಎತ್ತರವಲ್ಲ, ಭಾರ. ಎತ್ತರಕ್ಕೆ ಹೋಲಿಸಿದರೆ ಭಾರ ಕಡಿಮೆಯಿರುವವರು ಗಿಡ್ಡದ ಕಡೆ ವಾಲಲಿ. ಮುಂತುದಿ ಬಹಳ ಮೊದಲೇ ಮೇಲಕ್ಕೆ ಬಾಗುವ ರಾಕರ್ ಸ್ಕೀಯಲ್ಲಿ ಹಿಮಕ್ಕೆ ತಾಗುವ ಅಂಚು ಕಡಿಮೆ, ಆದ್ದರಿಂದ 5 ಸೆಂ.ಮೀ. ಹೆಚ್ಚಿದ್ದರೂ ಭಾರವೆನಿಸದು. ಮೇಲೆ 121-72-106 ಎಂದು ಬರೆದಿದ್ದರೆ ಮುಂತುದಿ, ನಡು, ಬಾಲದ ಅಗಲ ಅದು. ಯಂತ್ರದಿಂದ ಸಮ ಮಾಡಿದ ಇಳಿಜಾರಿಗೆ 65–85 ಮಿ.ಮೀ. ನಡು ಚುರುಕು, ಎಲ್ಲ ಬಗೆಯ ಹಿಮಕ್ಕೆ 85–100, ಆಳದ ಹೊಸ ಪುಡಿಹಿಮಕ್ಕೆ ಅದಕ್ಕೂ ಮೇಲೆ.

ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ ಬೈಂಡಿಂಗ್. ಬೂಟು ಕಳಚಿದಾಗ ಸ್ಕೀ ಜಾರಿಹೋಗದಂತೆ ತಡೆಯುವ ಅದರ ಬ್ರೇಕ್ ಸ್ಕೀಯ ನಡುವಿನಷ್ಟೇ ಅಥವಾ 15 ಮಿ.ಮೀ.ವರೆಗೆ ಹೆಚ್ಚು ಅಗಲವಿರಲಿ. ತೀರಾ ಅಗಲವಾದರೆ ತಿರುವಿನಲ್ಲಿ ಹಿಮಕ್ಕೆ ತಗುಲಿ ಎಳೆಯುತ್ತದೆ. ನಡೆಯಲು ಸುಲಭವಾಗುವಂತೆ ಬಾಗಿದ ಗ್ರಿಪ್‌ವಾಕ್ ಅಟ್ಟೆಯ ಬೂಟಿದ್ದರೆ ಬೈಂಡಿಂಗ್ ಮೇಲೂ ಅದೇ ಗುರುತು ಇದೆಯೇ ನೋಡಿ. ಬೀಳುವಾಗ ಬೂಟನ್ನು ಬಿಟ್ಟುಕೊಡುವ ಬಲವನ್ನು ತಂತ್ರಜ್ಞರು ನಿಮ್ಮ ಭಾರ, ಎತ್ತರ, ವಯಸ್ಸು, ಇಳಿಯುವ ಬಗೆ ಮತ್ತು ಅಟ್ಟೆಯ ಉದ್ದದಿಂದ ಲೆಕ್ಕ ಹಾಕುತ್ತಾರೆ. ಅಟ್ಟೆ ಉದ್ದವಾದಷ್ಟೂ ಅದೇ ಬಿಡುಗಡೆಗೆ ಬೇಕಾದ ಅಂಕಿ ಕಡಿಮೆ. ಹಾಗಾಗಿ ಈ ಪರೀಕ್ಷೆಗಳೆಲ್ಲ ಆದ ಮೇಲೂ ಬೂಟು ಬದಲಾಯಿಸಬೇಕಾಗಿ ಬಂದರೆ, ಸ್ಕೀಯನ್ನೂ ಜೊತೆಗೆ ಒಯ್ದು ಬೈಂಡಿಂಗ್‌ನ ಅಂಕಿಯನ್ನೂ ಹಿಂಭಾಗದ ಒತ್ತಡವನ್ನೂ ಹೊಸ ಬೂಟಿಗೆ ಹೊಂದಿಸಿಕೊಂಡೇ ಇಳಿಜಾರಿಗೆ ಹೋಗಿ.